ಕಾಲವೇ ಬೇಯಿಸುವ ಅಡಿಗೆ

ಒಲೆ ಹೊತ್ತಿಸಬಾರದು, ಆದರೆ ಮಧ್ಯಾಹ್ನದ ಊಟ ಬಿಸಿಬಿಸಿಯಾಗಿಯೇ ಇರಬೇಕು! ಒಂದಕ್ಕೊಂದು ಹೊಂದದ ಈ ಎರಡರ ನಡುವೆ ಸಿಕ್ಕಿಕೊಂಡ ಗೃಹಿಣಿಯರು ಶತಮಾನಗಳ ಹಿಂದೆ ಕಂಡುಕೊಂಡ ಉಪಾಯವೊಂದು, ಇಂದು ಅಮೆರಿಕದ ಅಡಿಗೆಮನೆಗಳಲ್ಲಿ ವಿದ್ಯುತ್ ಪಾತ್ರೆಯ ರೂಪ ತಾಳಿ ಕುಳಿತಿದೆ. ಅಲ್ಲಿಯವರು ಅದನ್ನು ‘ಸ್ಲೋ ಕುಕ್ಕರ್’ ಎನ್ನುತ್ತಾರೆ. ಬೆಳಿಗ್ಗೆ ಗೋಮಾಂಸ, ಅಣಬೆ, ಈರುಳ್ಳಿಗಳನ್ನು ಅದರಲ್ಲಿ ತುಂಬಿ, ಮುಚ್ಚಳವಿಟ್ಟು ಕೆಲಸಕ್ಕೆ ಹೋದವರನ್ನು ಸಂಜೆ ಬಾಗಿಲಲ್ಲಿಯೇ ಘಮಘಮಿಸುವ ವಾಸನೆ ಎದುರುಗೊಳ್ಳುತ್ತದೆ. ದಿನವಿಡೀ ಒಬ್ಬರೂ ಸೌಟು ಹಿಡಿದಿಲ್ಲ. ಒಬ್ಬರೂ ಉರಿಯನ್ನು ಕಾದಿಲ್ಲ. ಊಟ ಮಾತ್ರ ಸಿದ್ಧ!

ಈ ಪಾತ್ರೆಯ ಹುಟ್ಟಿನ ಕತೆ ಅದರಲ್ಲಿ ಬೇಯುವ ಊಟಕ್ಕಿಂತಲೂ ಹಳೆಯದು. ಅದರಲ್ಲಿ ಜಾಣತನವಿದೆ, ಅಷ್ಟೇ ದುಃಖವೂ ಇದೆ.

ಸಬ್ಬತ್ತಿನ ಗಡಿಗೆ

ಯೆಹೂದ್ಯರಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್. ಅದು ವಿಶ್ರಾಂತಿಯ ದಿನ. ಆ ಅವಧಿಯಲ್ಲಿ ಬೆಂಕಿ ಹೊತ್ತಿಸುವುದೂ ಅಡಿಗೆ ಮಾಡುವುದೂ ಅವರ ಶಾಸ್ತ್ರದಲ್ಲಿ ನಿಷಿದ್ಧ. ಆದರೆ ಸಬ್ಬತ್ತಿಗೆ ಮುಂಚೆಯೇ ಅರೆಬೆಂದ ಅಡಿಗೆಯನ್ನು, ಮುಂಚೆಯೇ ಕಾದ ಒಲೆಯಲ್ಲಿ, ಕೈ ಹಚ್ಚದೆ ಬಿಟ್ಟರೆ ದೋಷವಿಲ್ಲ. ಈ ಸಣ್ಣ ಸಂದಿನಲ್ಲಿ ಪೂರ್ವ ಯೂರೋಪಿನ ಯೆಹೂದ್ಯ ಸ್ತ್ರೀಯರು ‘ಚೋಲೆಂಟ್’ ಎಂಬ ಅಡಿಗೆಯನ್ನು ನೆಲೆಗೊಳಿಸಿದರು. ಮಾಂಸ, ಬಾರ್ಲಿ, ಬೀನ್ಸ್ ಕಾಳು, ಆಲೂಗಡ್ಡೆ, ಈರುಳ್ಳಿ: ಇಷ್ಟೇ ಅದರ ಬಂಡವಾಳ. ಬಡವರ ಮನೆಯಲ್ಲಿ ಮಾಂಸ ಕಡಿಮೆ, ಕಾಳು ಹೆಚ್ಚು, ಅಷ್ಟೇ ವ್ಯತ್ಯಾಸ.

ಶುಕ್ರವಾರ ಮಧ್ಯಾಹ್ನ ಈ ಗಡಿಗೆಗಳು ಊರಿನ ಬೇಕರಿಯತ್ತ ಹೊರಡುತ್ತಿದ್ದವು. ಅಲ್ಲಿ ರೊಟ್ಟಿ ಬೇಯಿಸುವ ಕೆಲಸ ಮುಗಿದು ಉರಿ ಇಳಿದಿದ್ದರೂ, ಕಾದ ಒಲೆ ಮರುದಿನದವರೆಗೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಹಲವು ಮನೆಗಳ ಗಡಿಗೆಗಳು ಒಂದೇ ಒಲೆಯ ಹೊಟ್ಟೆಯಲ್ಲಿ ರಾತ್ರಿಯೆಲ್ಲ ಕುಳಿತು, ಶನಿವಾರ ತಂತಮ್ಮ ಮನೆಗೆ ಮರಳುತ್ತಿದ್ದವು. ಬೆಂಕಿಯನ್ನು ಬಿಟ್ಟುಕೊಟ್ಟವರು ಕಾಲವನ್ನೇ ಅಡಿಗೆಗೆ ಹಚ್ಚಿದ್ದರು!

ತಾಯಿ ಹೇಳಿದ ಕತೆ

ಲಿಥುವೇನಿಯಾದ ವಿಲ್ನಾ ನಗರದ ಈ ಪದ್ಧತಿಯನ್ನು ಟಮಾರಾ ಎಂಬ ತಾಯಿ ಅಮೆರಿಕದಲ್ಲಿ ತನ್ನ ಮಗನಿಗೆ ಕತೆಯಾಗಿ ಹೇಳಿದಳು. ಆ ಮಗನೇ ಅರ್ವಿಂಗ್ ನಾಕುಮ್‌ಸೋನ್. 1902ರಲ್ಲಿ ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಹುಟ್ಟಿದವರು. ವಿದ್ಯುತ್ ಎಂಜಿನಿಯರಿಂಗ್ ಕಲಿತು ಷಿಕಾಗೋದಲ್ಲಿ ನೆಲೆಸಿದ ಅವರಿಗೆ ಹೊಸ ಹೊಸ ಉಪಕರಣಗಳನ್ನು ಕಲ್ಪಿಸುವುದೇ ಗೀಳು. ಬೇಕರಿಯ ಒಲೆ ರಾತ್ರಿಯೆಲ್ಲ ಮಾಡುತ್ತಿದ್ದ ಕೆಲಸವನ್ನು ಒಂದು ಪಾತ್ರೆಯ ಸುತ್ತ ಹೊಂದಿಸಿದ ವಿದ್ಯುತ್ ತಂತಿ ಏಕೆ ಮಾಡಬಾರದು? 1936ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು. 1940ರ ಜನವರಿಯಲ್ಲಿ ಅದು ದೊರೆಯಿತು.

ಪೇಟೆಂಟ್ ಕೈಸೇರಿದ ಮರುವರ್ಷ, 1941ರ ಜೂನ್ ತಿಂಗಳಲ್ಲಿ, ಜರ್ಮನ್ ಸೇನೆ ವಿಲ್ನಾವನ್ನು ಹೊಕ್ಕಿತು. ‘ಲಿಥುವೇನಿಯಾದ ಜೆರೂಸಲೇಮ್’ ಎಂದು ಹೆಸರಾಗಿದ್ದ ಆ ನಗರದ ಯೆಹೂದ್ಯರನ್ನು ಹತ್ತಿರದ ಪೊನಾರಿ ಕಾಡಿಗೆ ಒಯ್ದು, ಹಳ್ಳಗಳ ಅಂಚಿನಲ್ಲಿ ನಿಲ್ಲಿಸಿ ಸಾವಿರಗಟ್ಟಲೆಯಾಗಿ ಗುಂಡಿಕ್ಕಿ ಕೊಂದರು. ಉಳಿದವರನ್ನು ಕೂಡಿಹಾಕಿದ್ದ ಕೇರಿಯನ್ನು 1943ರ ಸೆಪ್ಟೆಂಬರಿನಲ್ಲಿ ಬರಿದುಮಾಡಲಾಯಿತು. ಗಡಿಗೆ ಕಳುಹಿಸುತ್ತಿದ್ದ ಮನೆಗಳೂ ಇಲ್ಲವಾದವು. ಗಡಿಗೆಗೆ ಕಾಯುತ್ತಿದ್ದ ಒಲೆಗಳೂ ತಣ್ಣಗಾದವು. ಸಮುದ್ರದಾಚೆಯ ಮಗನೊಬ್ಬನ ಕಾಗದದಲ್ಲಿ ಮಾತ್ರ ಆ ಒಲೆಯ ಬಿಸಿ ಉಳಿದಿತ್ತು.

ಬೇಕರಿಯಿಂದ ಮಾರುಕಟ್ಟೆಗೆ

ಯುದ್ಧಕಾಲದಲ್ಲಿ ಜರ್ಮನ್ ಛಾಯೆಯ ಹೆಸರುಗಳ ಮೇಲೆ ಜನರಿಗೆ ಮುನಿಸಿದ್ದುದರಿಂದ ನಾಕುಮ್‌ಸೋನ್ ಕುಟುಂಬ ‘ನ್ಯಾಕ್ಸನ್’ ಎಂಬ ಚಿಕ್ಕ ಹೆಸರನ್ನು ಧರಿಸಿತು. ಪಾತ್ರೆಗೆ ‘ನ್ಯಾಕ್ಸನ್ ಬೀನರಿ’ ಎಂಬ ಹೆಸರು ಬಂದಿತು. ಹೆಸರೇ ಸೂಚಿಸುವಂತೆ ಅದು ಕಾಳು ಬೇಯಿಸುವ ಪಾತ್ರೆ ಎಂದೇ ಜನ ತಿಳಿದರು, ಮನೆಮಾತಾಗಲಿಲ್ಲ. 1970ರಲ್ಲಿ ಕ್ಯಾನ್ಸಾಸ್ ಸಿಟಿಯ ರೈವಲ್ ಕಂಪನಿ ನ್ಯಾಕ್ಸನ್ನರ ಉದ್ಯಮವನ್ನು ಕೊಂಡಿತು. ಕಾಳನ್ನಲ್ಲದೆ ಮಾಂಸವನ್ನೂ ತರಕಾರಿಯನ್ನೂ ಅದರಲ್ಲಿ ಬೇಯಿಸಿ ನೋಡಿ, 1971ರಲ್ಲಿ ‘ಕ್ರಾಕ್‌-ಪಾಟ್’ ಎಂಬ ಹೆಸರಿನಿಂದ ಷಿಕಾಗೋದ ಗೃಹೋಪಕರಣಗಳ ಪ್ರದರ್ಶನದಲ್ಲಿಟ್ಟಿತು.

ಕಾಲವೂ ಕೂಡಿಬಂದಿತು. ಅಮೆರಿಕದ ವಿವಾಹಿತ ಸ್ತ್ರೀಯರು ದೊಡ್ಡ ಸಂಖ್ಯೆಯಲ್ಲಿ ಮನೆಯ ಹೊರಗಿನ ದುಡಿಮೆಗೆ ಹೊರಟಿದ್ದ ವರ್ಷಗಳವು. ಮೇಬಲ್ ಹಾಫ್‌ಮನ್ 1975ರಲ್ಲಿ ಹೊರತಂದ ಈ ಪಾತ್ರೆಯ ಅಡಿಗೆಪುಸ್ತಕ ಲಕ್ಷಲಕ್ಷ ಪ್ರತಿಗಳಲ್ಲಿ ಮಾರಾಟವಾಯಿತು. ಸಂಜೆಯ ಧಾವಂತವನ್ನು ಪಾತ್ರೆ ತಗ್ಗಿಸಿದ್ದು ನಿಜ. ಆದರೆ ಬೆಳಿಗ್ಗೆ ಬೇಗನೆದ್ದು ಹೆಚ್ಚಿ, ಹುರಿದು, ತುಂಬಿಡುವ ಕೆಲಸ ಬಹುಪಾಲು ಆಕೆಯ ಪಾಲಿಗೇ ಉಳಿಯಿತು ಎಂಬುದನ್ನೂ ಮರೆಯುವಂತಿಲ್ಲ. ಯಂತ್ರ ಕೆಲಸದ ಹೊತ್ತನ್ನು ಬದಲಿಸೀತು. ಕೆಲಸವನ್ನು ಹಂಚಿಕೊಳ್ಳಬೇಕಾದವರು ಮನೆಯವರೇ.

ಗಟ್ಟಿ ಮಾಂಸದ ಗುಟ್ಟು

ಈ ಪಾತ್ರೆಗೆ ದುಬಾರಿಯ ಎಳೆಯ ಮಾಂಸ ಹೊಂದುವುದಿಲ್ಲ ಎಂಬುದೇ ಸ್ವಾರಸ್ಯ. ಪಶುವಿನ ಭುಜ, ಕಾಲು ಮೊದಲಾದ, ಸದಾ ದುಡಿಯುವ ಅಂಗಗಳ ಮಾಂಸ ಬಿರುಸು, ಬೆಲೆಯೂ ಕಡಿಮೆ. ಆ ಸ್ನಾಯುಗಳನ್ನು ಹೆಣೆದಿಟ್ಟಿರುವ ‘ಕೊಲ್ಲಾಜೆನ್’ ಎಂಬ ನಾರೇ ಅದಕ್ಕೆ ಕಾರಣ. ಆತುರದಿಂದ ಭರ್ರನೆ ಕುದಿಸಿದರೆ ಮಾಂಸ ಮುದುಡಿ, ರಸ ಹಿಂಡಿಹೋಗಿ ತೊಗಲಿನಂತಾಗುತ್ತದೆ. ಆದರೆ ಕುದಿಗಿಂತ ಕೆಳಗಿನ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಅದೇ ಕೊಲ್ಲಾಜೆನ್ ಕರಗಿ ಜೆಲಟಿನ್ ಆಗುತ್ತದೆ. ಚಮಚ ಒತ್ತಿದರೆ ಮಾಂಸ ಎಳೆಎಳೆಯಾಗಿ ಬಿಡುತ್ತದೆ. ಗೊಜ್ಜು ತುಟಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಬಡವರ ಮಾಂಸಕ್ಕೆ ಬೇಕಾದದ್ದು ಬೆಲೆಯಲ್ಲ, ತಾಳ್ಮೆ.

ಕನ್ನಡನಾಡಿಗೂ ಈ ತತ್ತ್ವ ಅಪರಿಚಿತವಲ್ಲ. ಕುಳ್ಳಿನ ಮಂದ ಉರಿಯ ಮೇಲೆ ದಿನವೆಲ್ಲ ಕಾದು ಕೆನೆಗಟ್ಟಿ ಹೊಂಬಣ್ಣಕ್ಕೆ ತಿರುಗುವ ಹಾಲಿನ ರುಚಿಯನ್ನು ಹಳ್ಳಿಯ ಮನೆಗಳಲ್ಲಿ ಬಲ್ಲವರು ಬಲ್ಲರು.

ಅಣಬೆಯ ಪಾಲು

ಕಾಡಿನಲ್ಲಿ ಅಣಬೆ ಆಯುವುದು ಲಿಥುವೇನಿಯಾದ ಜನರಿಗೆ ಇಂದಿಗೂ ಹಬ್ಬದಷ್ಟು ಪ್ರಿಯ. ಗೋಮಾಂಸ-ಅಣಬೆಗಳ ಜೋಡಿ ಏಕೆ ಅಷ್ಟು ರುಚಿ ಎಂಬುದಕ್ಕೆ ಉತ್ತರ ಬಂದದ್ದು ಮಾತ್ರ ಜಪಾನಿನಿಂದ. 1908ರಲ್ಲಿ ಕಿಕುನೆ ಇಕೆಡಾ ಎಂಬ ವಿಜ್ಞಾನಿ ಕೊಂಬು ಎಂಬ ಕಡಲಪಾಚಿಯ ಸಾರಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ತೋರಿಸಿ, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಷಡ್ರಸಗಳ ಎಣಿಕೆಗೆ ಸಿಗದ ರುಚಿಯದು. 1913ರಲ್ಲಿ ಷಿಂಟಾರೊ ಕೊಡಾಮಾ ಒಣಮೀನಿನಲ್ಲಿ ಇನೋಸಿನೇಟ್ ಎಂಬ ಇನ್ನೊಂದು ರುಚಿಕಾರಕವನ್ನು ಗುರುತಿಸಿದರು. 1957ರ ಸುಮಾರಿಗೆ ಅಕಿರಾ ಕುನಿನಾಕಾ ಗ್ವಾನಿಲೇಟ್ ಎಂಬ ಮೂರನೆಯದರ ರುಚಿಯನ್ನು ಕಂಡುಕೊಂಡರು. ಅದು ಷಿಟಾಕೆ ಅಣಬೆಯಲ್ಲಿ ಹೇರಳ. ಗ್ಲುಟಮೇಟಿನೊಡನೆ ಇವು ಕೂಡಿದಾಗ ರುಚಿ ಬರಿಯ ಮೊತ್ತವಾಗದೆ ಹಲವು ಪಟ್ಟು ಏರುವುದೆಂದೂ ಅವರೇ ತೋರಿಸಿದರು. ಮಾಂಸದಲ್ಲಿ ಇನೋಸಿನೇಟ್ ಉಂಟು. ಅಣಬೆಯಲ್ಲಿ ಗ್ಲುಟಮೇಟ್ ಉಂಟು. ಒಂದೇ ಗಡಿಗೆಯಲ್ಲಿ ಅವು ಕೂಡಿದರೆ ಆಗುವುದೇನೆಂದು ನಾಲಗೆಗೆ ಬೇರೆ ಹೇಳಬೇಕೆ?

ಅಣಬೆಗೆ ಇನ್ನೊಂದು ಗುಣವಿದೆ. ಅದರ ಒಡಲನ್ನು ಕಟ್ಟಿರುವ ಕೈಟಿನ್ ಎಂಬ ವಸ್ತು ಶಾಖಕ್ಕೆ ಕರಗುವುದಿಲ್ಲ. ಎಂಟು ಗಂಟೆ ಬೆಂದರೂ ಅಣಬೆ ಮುದ್ದೆಯಾಗದು. ಮಾಂಸಕ್ಕೆ ಕಾಲ ಬೇಕು. ಅಣಬೆಗೆ ಕಾಲದ ಭಯವಿಲ್ಲ.

ಮಾಡುವ ಬಗೆ

ಆರು ಮಂದಿಗೆ ಭುಜದ ಗೋಮಾಂಸ 1 ಕಿಲೋಗ್ರಾಂ, ಬಿಳಿ ಗುಂಡಿ ಅಣಬೆ 400 ಗ್ರಾಂ, ದೊಡ್ಡ ಈರುಳ್ಳಿ 2, ಗಜ್ಜರಿ 2, ಬೆಳ್ಳುಳ್ಳಿ 4 ಎಸಳು, ಟೊಮ್ಯಾಟೊ ಗಟ್ಟಿರಸ 1 ದೊಡ್ಡ ಚಮಚ, ಮೈದಾ 2 ದೊಡ್ಡ ಚಮಚ, ಮೂಳೆ ಬೇಯಿಸಿ ಸೋಸಿದ ಸಾರು ಸುಮಾರು 250 ಮಿಲಿಲೀಟರ್, ಜೊತೆಗೆ ಉಪ್ಪು, ಮೆಣಸಿನ ಪುಡಿ, ಥೈಮ್ ಎಂಬ ಸುಗಂಧ ಸೊಪ್ಪು ಸಾಕು.

ಮಾಂಸವನ್ನು ಎರಡು ಅಂಗುಲದ ತುಂಡುಗಳಾಗಿ ಕೊಯ್ದು, ತೇವ ಒರೆಸಿ, ಉಪ್ಪು ಮೆಣಸು ಮೈದಾಗಳಲ್ಲಿ ಹೊರಳಿಸಬೇಕು. ಬಳಿಕ ಕಾದ ಬಾಣಲೆಯಲ್ಲಿ ಎಣ್ಣೆ ಹಾಕಿ, ಸ್ವಲ್ಪ ಸ್ವಲ್ಪವಾಗಿ ಎಲ್ಲ ಮಗ್ಗುಲೂ ಕಂದುಬಣ್ಣ ಬರುವಂತೆ ಹುರಿಯಬೇಕು. ಇದನ್ನು ತಪ್ಪಿಸಬಾರದು. ನೀರಿರುವ ಪಾತ್ರೆ 100 ಡಿಗ್ರಿ ಸೆಲ್ಸಿಯಸ್ ದಾಟದು. ಹುರಿದ ಕಂಪು ಚೆನ್ನಾಗಿ ಹುಟ್ಟಲು ಸುಮಾರು 140 ಡಿಗ್ರಿ ಬೇಕು. ಸ್ಲೋ ಕುಕ್ಕರಿಗೆ ಸಾಧ್ಯವಾಗದ ಕೆಲಸ ಇದೊಂದೇ.

ಅದೇ ಬಾಣಲೆಯಲ್ಲಿ ಅಣಬೆಯನ್ನು ಬಾಡಿಸಬೇಕು. ಅದರ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಆ ನೀರು ಇಂಗದಿದ್ದರೆ ಗೊಜ್ಜು ತೆಳ್ಳಗಾಗುತ್ತದೆ. ಕೊನೆಗೆ ಈರುಳ್ಳಿ ಬೆಳ್ಳುಳ್ಳಿ ಬಾಡಿಸಿ, ಟೊಮ್ಯಾಟೊ ರಸ ಕಲಸಿ, ಸಾರನ್ನು ಹೊಯ್ದು ತಳಕ್ಕೆ ಹತ್ತಿದ ಕಂದನ್ನು ಕೆರೆದುಕೊಳ್ಳಬೇಕು. ಸ್ಲೋ ಕುಕ್ಕರಿನ ತಳದಲ್ಲಿ ಗಜ್ಜರಿ, ಮೇಲೆ ಮಾಂಸ, ಅದರ ಮೇಲೆ ಅಣಬೆ. ಎಲ್ಲದರ ಮೇಲೆ ಸಾರು. ಬೇರುತರಕಾರಿ ನಿಧಾನವಾಗಿ ಬೇಯುವುದರಿಂದ ಬಿಸಿಗೆ ಹತ್ತಿರವಿರಬೇಕು. ಕಡಿಮೆ ಶಾಖದಲ್ಲಿ ಸುಮಾರು 8 ಗಂಟೆ. ಹೆಚ್ಚು ಶಾಖದಲ್ಲಿ 4ರಿಂದ 5 ಗಂಟೆ. ಅರೆದ ಆಲೂಗಡ್ಡೆಯೊಡನೆಯೋ ಅಗಲವಾದ ನೂಡಲ್ಸಿನೊಡನೆಯೋ ಬಡಿಸುವುದು ಅಲ್ಲಿಯ ರೂಢಿ. ಗೋಮಾಂಸ ವರ್ಜ್ಯವಾಗಿರುವ ಮನೆಗಳಲ್ಲಿ ಕುರಿಯ ಭುಜದ ಮಾಂಸಕ್ಕೂ ಇದೇ ವಿಧಾನ ಒಪ್ಪುತ್ತದೆ.

ಕೆಲವು ಎಚ್ಚರಗಳು

ಮುಚ್ಚಳ ತೆಗೆದು ಇಣುಕುವ ಚಪಲ ಬೇಡ. ಒಮ್ಮೆ ತೆಗೆದರೆ ಸುಮಾರು ಅರ್ಧ ಗಂಟೆಯ ಬಿಸಿ ನಷ್ಟ. ಹಿಮಗಟ್ಟಿದ ಮಾಂಸವನ್ನು ಹಾಗೆಯೇ ಹಾಕಬಾರದು. ಅದು ಬಿಸಿಯೇರಲು ಬಹಳ ಹೊತ್ತು ಹಿಡಿಯುತ್ತದೆ. 60 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗಿನ ಆ ಹೊತ್ತಿನಲ್ಲಿ ರೋಗಾಣುಗಳು ಬೆಳೆಯುತ್ತವೆ. ಉಳಿದ ಅಡಿಗೆಯನ್ನು ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗೆ ಬಗ್ಗಿಸಿ ತಂಪುಪೆಟ್ಟಿಗೆಯಲ್ಲಿಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಳಿನ ವಿಷಯ. ಕೆಂಪು ರಾಜ್ಮಾ ಕಾಳಿನಲ್ಲಿ ಸ್ವಾಭಾವಿಕವಾಗಿ ವಿಷವೊಂದಿದೆ. ಜೋರಾಗಿ ಕುದಿಸಿದರೆ ಮಾತ್ರ ಅದು ನಾಶವಾಗುತ್ತದೆ. ಸ್ಲೋ ಕುಕ್ಕರಿನ ಕಡಿಮೆ ಶಾಖ ಕುದಿಯನ್ನು ಮುಟ್ಟದೇ ಇರಬಹುದು. ಹಸಿ ಕಾಳನ್ನು ನೇರವಾಗಿ ಹಾಕಿ ಉಂಡವರು ತೀವ್ರವಾದ ವಾಂತಿಭೇದಿಗಳಿಗೆ ಒಳಗಾದದ್ದುಂಟು. ಅಮೆರಿಕದಲ್ಲಿ ನೆಲೆಸಿ ಈ ಪಾತ್ರೆಯನ್ನು ಬಳಸುವ ಕನ್ನಡ ಕುಟುಂಬಗಳು ಇದನ್ನು ನೆನಪಿಡಬೇಕು: ಕಾಳನ್ನು ಐದು ಗಂಟೆಯಾದರೂ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಒಲೆಯ ಮೇಲೆ ಚೆನ್ನಾಗಿ ಕುದಿಸಿದ ಮೇಲೆಯೇ ಸ್ಲೋ ಕುಕ್ಕರಿಗೆ ಹಾಕಬೇಕು. ಸಬ್ಬತ್ತಿಗೆ ಮುಂಚೆ ಅರೆಬೇಯಿಸಿರಬೇಕೆಂಬ ಹಳೆಯ ಕಟ್ಟಳೆಯ ಗಡಿಗೆಯೂ ಬೇಕರಿಗೆ ಹೋಗುವ ಮೊದಲು ಮನೆಯ ಒಲೆಯನ್ನು ಕಂಡೇ ಹೋಗುತ್ತಿತ್ತು.

ಅರ್ವಿಂಗ್ ನ್ಯಾಕ್ಸನ್ 1989ರಲ್ಲಿ ತೀರಿಕೊಂಡರು. ಅವರ ಪಾತ್ರೆ ಇಂದು ಎಷ್ಟೋ ದೇಶಗಳ ಅಡಿಗೆಮನೆಗಳಲ್ಲಿದೆ. ಅದರಲ್ಲಿ ಊಟ ಬೇಯಿಸಿಕೊಳ್ಳುವವರಲ್ಲಿ ಬಹುಮಂದಿ ವಿಲ್ನಾದ ಹೆಸರನ್ನೂ ಕೇಳಿರಲಾರರು. ಆದರೂ ಸಂಜೆ ಮುಚ್ಚಳ ತೆಗೆದಾಗ ಮೇಲೇಳುವ ಆ ಬಿಸಿ ಹಬೆ, ಬೆಂಕಿ ಮುಟ್ಟದೆ ಬಿಸಿಯೂಟ ಬಡಿಸಬೇಕೆಂದು ಹಟತೊಟ್ಟ ಆ ತಾಯಂದಿರ ಒಲೆಯದೇ. ಒಲೆ ಹೋಯಿತು, ಕೇರಿ ಹೋಯಿತು. ತಾಯಿ ಮಗನಿಗೆ ಹೇಳಿದ ಅಡಿಗೆಯ ಕತೆ ಮಾತ್ರ ಆರದೆ ಉಳಿಯಿತು.