ಕಂಪ್ಯೂಟರಿನಲ್ಲಿ ನಮ್ಮ ಹೆಸರು

ನಾವು ಕೆರೂರಿನ ಹೆಂಗಸರು. ಜ್ವರ ಬಂದರೆ ಊರಿನ ದವಾಖಾನೆಗೆ ಹೋಗುತ್ತೇವೆ. ಬೇನೆ ದೊಡ್ಡದಾದರೆ ಬಾಗಲಕೋಟೆ ಬಸ್ಸು ಹತ್ತುತ್ತೇವೆ. ಮೊದಲು ಎಲ್ಲವೂ ಚೀಟಿಯಲ್ಲೇ ಇತ್ತು. ಚೀಟಿ ತೊಯ್ದರೆ, ಇಲಿ ಕಡಿದರೆ ಹಿಂದಿನದು ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಕರ್ನಾಟಕದ ಅನೇಕ ಸರಕಾರಿ ಆಸ್ಪತ್ರೆಗಳಲ್ಲಿ ಹೆಸರನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಇದಕ್ಕೆ ಇ-ಹಾಸ್ಪಿಟಲ್ ಎನ್ನುತ್ತಾರೆ. ಬೇನೆ, ರಕ್ತ ತಪಾಸಣೆ, ಕೊಟ್ಟ ಗುಳಿಗೆ ಎಲ್ಲವನ್ನೂ ಅದರಲ್ಲಿ ಬರೆದಿಡಬಹುದು.

ಒಳ್ಳೆಯದೇ ಆಯಿತು. ಆದರೆ ಕಂಪ್ಯೂಟರಿಗೆ ಬರೆದದ್ದಷ್ಟೇ ಗೊತ್ತು. ನಮ್ಮದು ಬನಶಂಕರಿ ಸೀಮೆ. ಓಣಿಗೆ ಇಬ್ಬರು ಶಂಕ್ರವ್ವ, ಮೂವರು ಬಸವ್ವ. ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಬರುತ್ತವೆ. ಒಂದು ಸಾಲು ಕೆಳಗೆ ಒತ್ತಿದರೆ ಸಾಕು, ಒಬ್ಬಳ ಬೇನೆ ಇನ್ನೊಬ್ಬಳ ಹೆಸರಿಗೆ ಹೋಯಿತು! ಒಬ್ಬಳಿಗೆ ಪೆನ್ಸಿಲಿನ್ ಸೂಜಿ ಆಗಿಬರುವುದಿಲ್ಲ ಅನ್ನಿ. ಆ ಮಾತು ಇನ್ನೊಬ್ಬಳ ಹೆಸರಿನಲ್ಲಿ ಕೂತಿದ್ದರೆ? ಜೀವಕ್ಕೇ ಅಪಾಯ. ಔಷಧದ ಹೆಸರುಗಳೂ ಹೀಗೇ ಸಾಲಾಗಿ ಬರುತ್ತವೆ. ಪಾಳಿ ಉದ್ದ ಇದ್ದಾಗ ಯಾರ ಕೈಯಾದರೂ ತಪ್ಪೀತು. ಅಮೆರಿಕದಲ್ಲೂ ಇಂಥ ತಪ್ಪು ಆಗಿವೆ. ಅಲ್ಲಿಯ ಕೆಲವು ಆಸ್ಪತ್ರೆಗಳು ಪರದೆಯ ಮೇಲೆ ರೋಗಿಯ ಫೋಟೋ ಹಾಕತೊಡಗಿದವು.

ಅದಕ್ಕೇ ಅಕ್ಕ, ಚೀಟಿ ಕೈಗೆ ಬಂದ ಕೂಡಲೇ ಮಡಚಿ ಇಟ್ಟುಕೊಳ್ಳಬೇಡಿ. ನಮಗೀಗ ಓದಲು ಬರುತ್ತದಲ್ಲ! ಹೆಸರು, ವಯಸ್ಸು, ಊರು ನೋಡೋಣ. ಇಂಗ್ಲಿಷಿನಲ್ಲಿದ್ದರೆ, "ಇದ್ರಾಗ ನನ್ನ ಹೆಸರು ಏನಂತ ಬರದೀರಿ? ಓದಿ ಹೇಳ್ರೀ" ಎಂದು ಕೇಳೋಣ. ವಯಸ್ಸನ್ನು ನಾವು ಅಂದಾಜಿಗೆ ಹೇಳುತ್ತೇವೆ. ಒಮ್ಮೆ 40, ಇನ್ನೊಮ್ಮೆ 45. ಆಗ ಕಂಪ್ಯೂಟರಿನಲ್ಲಿ ಒಬ್ಬಳೇ ಇಬ್ಬರಾಗುತ್ತಾಳೆ. ಹಳೆಯ ದಾಖಲೆ ಸಿಗುವುದಿಲ್ಲ. ಆಧಾರ ಕಾರ್ಡಿನಲ್ಲಿ ಇದ್ದದ್ದನ್ನೇ ಹೇಳಿರಿ. ಡಾಕ್ಟರು ಪರದೆ ನೋಡುತ್ತಿದ್ದರೂ ಬಾಯಿಬಿಟ್ಟು ಹೇಳಿರಿ: "ಸಾಹೇಬ್ರ, ಈ ಸೂಜಿ ನನಗ ಆಗಿಬರೂದಿಲ್ಲರೀ."

ಕರೆಂಟು ಹೋದರೆ ಪರದೆ ಕಪ್ಪು. ಹಳೆಯ ಚೀಟಿ, ತಾಯಿ ಕಾರ್ಡು ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ.

2021ರಿಂದ ದೇಶದಲ್ಲೆಲ್ಲ ಆಭಾ ಎಂಬ ನಂಬರು ಮಾಡಿಕೊಡುತ್ತಿದ್ದಾರೆ. ಇದರಲ್ಲಿ 14 ಅಂಕಿಗಳಿವೆ. ಬೇರೆ ಬೇರೆ ಆಸ್ಪತ್ರೆಯ ದಾಖಲೆಗಳನ್ನು ಇದು ಒಂದು ಕಡೆ ಜೋಡಿಸುತ್ತದೆ. ಇದು ಕಡ್ಡಾಯವಲ್ಲ. ದಾಖಲೆಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಲು ನಮ್ಮ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೊಡುವುದು ಫೋನಿನಲ್ಲಿ. ಫೋನು ಯಾರದು? ಗಂಡನದೋ ಮಗನದೋ ಆದರೆ ಒಟಿಪಿ ಅವರ ಕೈಗೆ ಹೋಗುತ್ತದೆ. ಹೆಂಗಸರ ಬೇನೆಯೆಲ್ಲ ಮನೆ ಮಂದಿಗೆ ಹೇಳುವಂಥದ್ದಲ್ಲ. ಯಾರ ಫೋನ್ ನಂಬರು ಕೊಡಬೇಕೆಂದು ಮೊದಲೇ ಯೋಚಿಸಿರಿ. ಕೊಟ್ಟಾಗಿದ್ದರೆ, ಆ ನಂಬರನ್ನು ಬದಲಿಸಲೂ ಬರುತ್ತದೆ.