ಗಾಜಿನ ಮೂಲೆಯಲ್ಲಿ ಕಾರಿನ ಜಾತಕ

ಕಾರಿನ ಪ್ರತಿಯೊಂದು ಗಾಜಿನ ಮೂಲೆಯಲ್ಲೂ ಒಂದು ಪುಟ್ಟ ಮುದ್ರೆ ಇರುತ್ತದೆ. ಗಾಜು ತಯಾರಿಸಿದ ಕಂಪನಿಯ ಹೆಸರು, ಗುಣಮಟ್ಟದ ಗುರುತು, ಅದರ ಕೆಳಗೆ ಕಂಡೂ ಕಾಣದಂಥ ಒಂದೆರಡು ಅಂಕಿ, ಅಂಕಿಯ ಅಕ್ಕಪಕ್ಕ ಕೆಲವು ಚುಕ್ಕಿಗಳು. ದಿನಾ ಕಾರು ಒರೆಸುವವರೂ ಅದನ್ನು ಓದುವುದಿಲ್ಲ. ಶಿವಮೊಗ್ಗದ ಆಟೊ ಕಾಂಪ್ಲೆಕ್ಸ್‌ನಲ್ಲಿ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಕಳೆದ ತಿಂಗಳು ಅದನ್ನು ಓದಿ ತೋರಿಸಿದರು. ಅಂದಿನಿಂದ ಎಲ್ಲಿ ಕಾರು ನಿಂತಿದ್ದರೂ ನನ್ನ ಕಣ್ಣು ಮೊದಲು ಹೋಗುವುದು ಆ ಮೂಲೆಗೇ.

ನಾವು ಹೋಗಿದ್ದು ಅಕ್ಕನ ಮಗಳಿಗೆ ಕಾರು ನೋಡಲು. ಅವಳಿಗೆ ಈಗಷ್ಟೇ 18 ತುಂಬಿ, ಡಿಎಲ್ ಕೈಗೆ ಬಂದಿದೆ. ಮನೆ ಆಯನೂರಿನ ಹತ್ತಿರದ ಹಳ್ಳಿ, ಕಾಲೇಜು ಶಿವಮೊಗ್ಗದಲ್ಲಿ. ಲ್ಯಾಬ್ ಮುಗಿಯುವ ಹೊತ್ತಿಗೂ ಬಸ್ಸು ಹೊರಡುವ ಹೊತ್ತಿಗೂ ತಾಳೆಯಿಲ್ಲ. ಭಾವನ ಲೆಕ್ಕ ಸರಳವಾಗಿತ್ತು: 'ಕಲಿಯೋ ಹುಡುಗಿಗೆ ಹಳೇದೊಂದು ಸಾಕು. ಒಂದೆರಡು ವರ್ಷ ಗೀಚಿ, ಗುದ್ದಿ ಕೈ ಕುದುರಲಿ, ಆಮೇಲೆ ಒಳ್ಳೇದು ತಗೊಳ್ಳೋಣ.' ನಮ್ಮ ಮನೆಗಳಲ್ಲೆಲ್ಲ ಇದೇ ಲೆಕ್ಕ ನಡೆದು ಬಂದಿದೆ. ಅಪ್ಪನಿಗೆ ಹೊಸ ಕಾರು, ಮಕ್ಕಳಿಗೆ ಹಳೆಯದು. ಈ ಲೆಕ್ಕ ತಲೆಕೆಳಗಾಗಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮನೆಯಲ್ಲಿ ತಪ್ಪು ಮಾಡುವ ಸಾಧ್ಯತೆ ಎಲ್ಲರಿಗಿಂತ ಹೆಚ್ಚಿರುವುದು ಹೊಸದಾಗಿ ಕಲಿತವರಿಗೆ. ಮನೆಯ ಗಟ್ಟಿ ಕಾರು ಸೇರಬೇಕಾದದ್ದು ಅವರ ಕೈಗೆ.

ಭಾವ ಮೊದಲೇ ನೋಡಿಟ್ಟಿದ್ದ ಕಾರು 2012ರದ್ದು. ಕೆಂಪು ಬಣ್ಣ, ಹೊಸ ಸೀಟ್ ಕವರ್, ದೊಡ್ಡ ಪರದೆಯ ಮ್ಯೂಸಿಕ್ ಸಿಸ್ಟಂ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ. ಹುಡುಗಿ ಆಗಲೇ ಸ್ಟೀರಿಂಗ್ ಹಿಂದೆ ಕೂತು ಫೋಟೊ ತೆಗೆಸಿಕೊಂಡಾಗಿತ್ತು. ಪರಿಚಯದ ಮೇಸ್ತ್ರಿಗೆ ಒಮ್ಮೆ ತೋರಿಸೋಣ ಎಂದು ಶೆಡ್ಡಿಗೆ ತಂದೆವು. ಅವರು ಬಾನೆಟ್ ಎತ್ತಲಿಲ್ಲ, ಸ್ಟಾರ್ಟ್ ಮಾಡಿ ಎನ್ನಲೂ ಇಲ್ಲ. ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು, ಪ್ರತಿ ಗಾಜಿನ ಬಳಿ ಅರೆಕ್ಷಣ ಬಗ್ಗಿದರು.

'ಸರ್, ಈ ಗಾಡಿಗೆ ಡ್ರೈವರ್ ಕಡೆಯಿಂದ ಏಟು ಬಿದ್ದಿದೆ.'

ಬಣ್ಣದಲ್ಲಿ ಒಂದು ಗೆರೆಯೂ ಇರಲಿಲ್ಲ. 'ಹೇಗೆ ಹೇಳ್ತೀರಿ?' ಎಂದು ಕೇಳಿದ್ದಕ್ಕೆ ಅವರು ಹುಡುಗಿಯನ್ನು ಹತ್ತಿರ ಕರೆದರು. 'ಬಾಮ್ಮ, ನೀನೇ ಓದು. ಎಡಗಡೆ ಬಾಗಿಲ ಗಾಜಲ್ಲಿ ಎಷ್ಟಿದೆ?' 2 ಎಂದಿತ್ತು. ಹಿಂದಿನ ಗಾಜು 2. ಬಲಗಡೆ ಹಿಂಬಾಗಿಲು 2. ಬಲಗಡೆ ಮುಂಬಾಗಿಲು 7, ಕಂಪನಿಯ ಹೆಸರೂ ಬೇರೆ. ಅಂದರೆ ಉಳಿದ ಗಾಜು 2012ರವು, ಇದೊಂದು 2017ರದ್ದು.

ಇಲ್ಲಿಂದ ಮುಂದಿನ ಅರ್ಧ ಗಂಟೆ ಗಾಜಿನ ಪಾಠಕ್ಕೇ ಹೋಯಿತು. ಓದುಗರೂ ಇದನ್ನು ಪೂರ್ತಿ ಕೇಳಲಿ ಎಂಬುದು ನನ್ನ ಆಸೆ. ವರ್ಷವನ್ನು ಅನೇಕ ಕಂಪನಿಗಳು ಕೊನೆಯ ಒಂದೇ ಅಂಕಿಯಲ್ಲಿ ಹೇಳಿ ಮುಗಿಸುತ್ತವೆ. 9 ಎಂದರೆ 2009 ಆಗಬಹುದು, 2019 ಆಗಬಹುದು. ಕಾರಿನ ವಯಸ್ಸು ನೋಡಿ ತೀರ್ಮಾನಿಸಬೇಕು. ತಿಂಗಳನ್ನು ಹೇಳುವುದು ಚುಕ್ಕಿಗಳು. ಅವುಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಒಂದು ಪದ್ಧತಿಯಲ್ಲಿ ಅಂಕಿಯ ಎಡಕ್ಕೆ ಚುಕ್ಕಿಗಳಿದ್ದರೆ ವರ್ಷದ ಮೊದಲ ಅರ್ಧ, ಬಲಕ್ಕಿದ್ದರೆ ಎರಡನೆಯ ಅರ್ಧ. ಎಡಕ್ಕಿರುವ ಚುಕ್ಕಿಗಳನ್ನು 7ರಿಂದ ಕಳೆಯಬೇಕು, ಬಲಕ್ಕಿರುವುದನ್ನು 13ರಿಂದ. ಎಡಕ್ಕೆ ಮೂರು ಚುಕ್ಕಿ ಇದ್ದರೆ ಏಪ್ರಿಲ್, ಬಲಕ್ಕೆ ಮೂರಿದ್ದರೆ ಅಕ್ಟೋಬರ್. ಜನವರಿಯಲ್ಲೂ ಜುಲೈಯಲ್ಲೂ ಆರು ಚುಕ್ಕಿಗಳಿಂದ ಶುರುವಾಗಿ ತಿಂಗಳಿಗೊಂದು ಕಡಿಮೆಯಾಗುತ್ತ ಬರುತ್ತದೆ. ಅಚ್ಚಿಗೆ ಹೊಸ ಚುಕ್ಕಿ ಸೇರಿಸುವುದಕ್ಕಿಂತ ಇರುವುದನ್ನು ಅಳಿಸುವುದು ಸುಲಭ ಎಂಬುದು ಮೇಸ್ತ್ರಿ ಕೊಟ್ಟ ಕಾರಣ.

ಗಾಜು ಬದಲಾದ ಕಾರೆಲ್ಲ ಕೆಟ್ಟ ಕಾರಲ್ಲ. ಮುಂದಿನ ದೊಡ್ಡ ಗಾಜಿನ ವರ್ಷ ಬೇರೆಯಾಗಿದ್ದರೆ ಮೇಸ್ತ್ರಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆದ್ದಾರಿಯಲ್ಲಿ ಲಾರಿ ಚಕ್ರದಿಂದ ಒಂದು ಜಲ್ಲಿಕಲ್ಲು ಚಿಮ್ಮಿದರೆ ಸಾಕು, ಅದು ಬಿರುಕು ಬಿಡುತ್ತದೆ. ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆ ಇರುವುದರಿಂದ ಚೂರಾಗಿ ಉದುರುವುದಿಲ್ಲ. ಬಾಗಿಲಿನ ಗಾಜು ಹಾಗಲ್ಲ. ಕಾಯಿಸಿ ಹದಗೊಳಿಸಿದ ಆ ಗಾಜು ಒಡೆದರೆ ಪೂರ್ತಿ ಪುಡಿಪುಡಿ. ಅದು ಬದಲಾಗಿದೆ ಎಂದರೆ ಕಳ್ಳ ಒಡೆದಿರಬೇಕು, ಇಲ್ಲವೇ ಪಕ್ಕದಿಂದ ಏಟು ಬಿದ್ದಿರಬೇಕು. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು: ಗಾಜು ಕಾರಿಗಿಂತ ಮೊದಲು ಹುಟ್ಟಿರಬೇಕು. ಗಾಜಿನ ತಾರೀಖು ಕಾರಿನ ತಯಾರಿಕೆಯ ತಿಂಗಳಿಗಿಂತ ಈಚಿನದಾದರೆ, ಅದು ಆಮೇಲೆ ಬಂದು ಕೂತದ್ದು.

ಕಳ್ಳನೋ ಏಟೋ ಎಂದು ತಿಳಿಯಲು ಮೇಸ್ತ್ರಿ ಬಾಗಿಲು ತೆರೆದು ಅಂಚಿನ ರಬ್ಬರ್ ಬೀಡಿಂಗ್ ಎಳೆದರು. ಫ್ಯಾಕ್ಟರಿಯ ಕಾರಿನಲ್ಲಿ ಅದರಡಿ ಸ್ಪಾಟ್ ವೆಲ್ಡಿಂಗ್‌ನ ದುಂಡನೆಯ ಗುಳಿಗಳು ಒಂದೇ ಅಂತರದಲ್ಲಿ ಸಾಲಾಗಿ ಕಾಣಬೇಕು. ಎಡಗಡೆ ಕಂಡವು. ಬಲಗಡೆ ನಡುವಿನ ಪಿಲ್ಲರ್‌ನಲ್ಲಿ ಒಂದೂ ಇರಲಿಲ್ಲ. ಪುಟ್ಟಿ ತುಂಬಿ ಉಜ್ಜಿ ಬಣ್ಣ ಹೊಡೆದಿದ್ದರು. ಪಕ್ಕದಿಂದ ಇನ್ನೊಂದು ವಾಹನ ಬಂದು ಬಡಿದರೆ ಒಳಗಿದ್ದವರನ್ನು ಕಾಯುವುದು ಆ ಪಿಲ್ಲರ್. ಹುಡುಗಿ ಏನೂ ಹೇಳದೆ ಕಾರಿನಿಂದ ದೂರ ಸರಿದು ನಿಂತಳು. ಆನ್‌ಲೈನ್‌ನಲ್ಲಿ ಹಳೆ ಕಾರು ಮಾರುವವರು ನೂರಾರು ಅಂಶಗಳ ತಪಾಸಣೆ ಎಂದು ಉದ್ದುದ್ದ ಪಟ್ಟಿ ಕೊಡುತ್ತಾರೆ. ಬೀಡಿಂಗ್ ಎಳೆದು ನೋಡುವ ಒಬ್ಬ ಮೇಸ್ತ್ರಿಯ ಮೇಲೆ ನನಗಿರುವ ಭರವಸೆ ಆ ಪಟ್ಟಿಗಳ ಮೇಲಿಲ್ಲ.

ಗಾಜಿನಂತೆಯೇ ಬಾಯಿಬಿಡುವ ಇನ್ನೂ ಕೆಲವು ಭಾಗಗಳಿವೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 0720 ಎಂದರೆ 2020ರ ಏಳನೆಯ ವಾರ. ಓಡುವ ಟೈರುಗಳನ್ನು ಬದಲಿಸುತ್ತಾರೆ, ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನು ಬದಲಿಸುವವರು ಕಡಿಮೆ. ಹಾಗಾಗಿ ಕಾರಿನ ನಿಜವಾದ ವಯಸ್ಸು ಸ್ಟೆಪ್ನಿಯಲ್ಲಿ ಸಿಗುತ್ತದೆ. ಸೀಟ್ ಬೆಲ್ಟಿಗೆ ಹೊಲಿದ ಚೀಟಿಯಲ್ಲೂ ತಾರೀಖಿರುತ್ತದೆ. ಅದು ಕಾರಿಗಿಂತ ತೀರಾ ಹೊಸದಾದರೆ, ಹಿಂದೊಮ್ಮೆ ಡಿಕ್ಕಿಯಾಗಿ ಬೆಲ್ಟ್ ಬದಲಿಸಿರಬಹುದು. ಅದೇ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು. ಬುಡದಲ್ಲಿ ಕೆಸರಿನ ಗೆರೆ ಕಂಡರೆ ಕಾರು ನೆರೆಯಲ್ಲಿ ನಿಂತಿತ್ತು ಎಂದರ್ಥ. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ ಕಡೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಮುತ್ತ ನೀರು ನುಗ್ಗಿದ್ದು ನೆನಪಿದೆಯಲ್ಲ? ಸೀಟು ತೊಳೆದು ಒಣಗಿಸುತ್ತಾರೆ. ಬೆಲ್ಟಿನ ಸುರುಳಿಯ ಒಳಗೆ ಯಾರೂ ಕೈ ಹಾಕುವುದಿಲ್ಲ.

ತಾರೀಖಿಗೆ ನಾನು ಇಷ್ಟು ಅಂಟಿಕೊಂಡಿರುವುದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಕಾರಿನ ಒಳಗೆ ಜೀವ ಉಳಿಸುವ ಸಾಮಾನು ಎಷ್ಟಿದೆ ಎಂಬುದನ್ನು ಹೇಳುವುದು ಅದು ತಯಾರಾದ ತಿಂಗಳು. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ಮಾಲೀಕರ ಕೈ ಸೇರಿದಾಗಿನಿಂದ ಸುಮಾರು ಮೂರು ದಶಕ ನಾವು ಕೇಳಿದ್ದು ಒಂದೇ ಪ್ರಶ್ನೆ: ಮೈಲೇಜ್ ಎಷ್ಟು? 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಇಲ್ಲಿನ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು 64 ಕಿ.ಮೀ. ವೇಗದಲ್ಲಿ ಗುದ್ದಿಸಿ ಪರೀಕ್ಷಿಸಿತು. ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಅವುಗಳಲ್ಲಿ ಒಂದಾದ ಫೋಕ್ಸ್‌ವ್ಯಾಗನ್ ಪೋಲೊ ಎರಡು ಏರ್‌ಬ್ಯಾಗ್ ಹಾಕಿಕೊಂಡು ಬಂದಾಗ ನಾಲ್ಕು ಸ್ಟಾರ್ ಪಡೆಯಿತು. ಕಾರು ಒಂದೇ ಆದರೂ ವೇರಿಯಂಟ್ ಬೇರೆಯಾದರೆ ರಕ್ಷಣೆಯೂ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಮೇಲೆ ಕಾನೂನು ಬೇಗಬೇಗ ಬಂತು. 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಅದೇ ವರ್ಷ ಜುಲೈ 1ರಿಂದ ಚಾಲಕರ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಅಲಾರಂ, ಹಿಂದೆ ಪಾರ್ಕಿಂಗ್ ಸೆನ್ಸರ್, 80 ಕಿ.ಮೀ. ದಾಟಿದರೆ ಎಚ್ಚರಿಸುವ ಸದ್ದು ಬಂದವು. ಅಕ್ಟೋಬರ್‌ನಿಂದ ಡಿಕ್ಕಿ ಪರೀಕ್ಷೆಯ ನಿಯಮ ಹಳೆಯ ಮಾಡೆಲ್‌ಗಳಿಗೂ ಅನ್ವಯಿಸಿತು. 2022ರ ಆರಂಭದಿಂದ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್. 2023ರ ಅಕ್ಟೋಬರ್‌ನಿಂದ ಸ್ಟಾರ್ ಕೊಡುವ ನಮ್ಮದೇ ಪರೀಕ್ಷೆ, ಭಾರತ್ ಎನ್‌ಕ್ಯಾಪ್. ಹಾಗಾಗಿ ಮಕ್ಕಳಿಗೆ ಹಳೆ ಕಾರು ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು: 2019ರ ಅಕ್ಟೋಬರ್‌ಗಿಂತ ಹಿಂದಿನದು ಬೇಡ, ಕೈಲಾದರೆ 2022ರ ಈಚಿನದು. ಆರ್‌ಸಿಯಲ್ಲಿ ನೋಂದಣಿ ದಿನಾಂಕ ನೋಡಿ ನಿಲ್ಲಬೇಡಿ, ತಯಾರಾದ ತಿಂಗಳು ನೋಡಿ. ಗೋದಾಮಿನಲ್ಲಿ ತಿಂಗಳುಗಟ್ಟಲೆ ನಿಂತು ಆಮೇಲೆ ನೋಂದಣಿಯಾದ ಕಾರುಗಳಿವೆ.

ಭಾವ ಸುಲಭಕ್ಕೆ ಒಪ್ಪುವವರಲ್ಲ. 'ದುಡ್ಡು?' ಎಂದರು. ಪ್ರಶ್ನೆ ನ್ಯಾಯವಾದದ್ದೇ. ಪಕ್ಕದ ಯಾರ್ಡಿನಲ್ಲಿ 2020ರ ಟಾಟಾ ಟಿಯಾಗೊ ಒಂದಿತ್ತು. ಬಂಪರಿಗೆ ಗೀರು, ಸೀಟಿಗೆ ಮಾಸಿದ ಬಟ್ಟೆ, ಸಾದಾ ರೇಡಿಯೊ. ಆ ವರ್ಷದ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಿಂದ ದೊಡ್ಡವರ ರಕ್ಷಣೆಗೆ ನಾಲ್ಕು ಸ್ಟಾರ್ ಪಡೆದ ಮಾಡೆಲ್ ಅದು. ಈ ಸಲ ಗಾಜು ಓದಿದ್ದು ಹುಡುಗಿಯೇ. ಆರೂ ಗಾಜಿನಲ್ಲಿ ಒಂದೇ ಕಂಪನಿ, ಒಂದೇ ವರ್ಷ. ಸ್ಟೆಪ್ನಿಯೂ ಬೆಲ್ಟಿನ ಚೀಟಿಯೂ ಅದೇ ಮಾತು ಹೇಳಿದವು. ಮೇಸ್ತ್ರಿ ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ, ಏರ್‌ಬ್ಯಾಗಿನ ದೀಪ ನೋಡು ಎಂದರು. ಅದು ಹೊತ್ತಿ ಕೆಲವು ಸೆಕೆಂಡಿಗೆ ಆರಿತು. ಆರದೆ ಉಳಿದರೆ ದೋಷ. ಹೊತ್ತಿಕೊಳ್ಳದೇ ಇದ್ದರೆ ಇನ್ನೂ ಅಪಾಯ: ದೋಷ ಕಾಣದಿರಲೆಂದು ದೀಪವನ್ನೇ ಯಾರೋ ತೆಗೆದುಹಾಕಿರಬಹುದು.

ಚಾಲಕರ ಬೆಲ್ಟಿನ ಲಾಕ್‌ನಲ್ಲಿ ಒಂದು ಖಾಲಿ ಕ್ಲಿಪ್ ಸಿಕ್ಕಿಸಿತ್ತು, ಅಲಾರಂ ಕೂಗದಂತೆ ಬಾಯಿ ಮುಚ್ಚಿಸಲು. ಇಂಥ ಕ್ಲಿಪ್ ಮಾರುವುದನ್ನು ನಿಲ್ಲಿಸುವಂತೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶಿಸಿತ್ತು. ಮೇಸ್ತ್ರಿ ಅದನ್ನು ಕಿತ್ತು ಕಸದ ಡಬ್ಬಕ್ಕೆ ಹಾಕಿದರು.

ಕೆಂಪು ಕಾರಿಗಿಂತ ಇದಕ್ಕೆ ಹೆಚ್ಚು ದುಡ್ಡು ಬೇಕಿತ್ತು. ಭಾವ ತಮ್ಮ ಕಾರಿಗೆಂದು ಎತ್ತಿಟ್ಟಿದ್ದ ಅಲಾಯ್ ವೀಲ್ ಮತ್ತು ಪೇಂಟಿಂಗ್ ದುಡ್ಡನ್ನು ಇತ್ತ ತಿರುಗಿಸಿದರು. ಕಾಗದಪತ್ರದ ಕೆಲಸ ನಿಮಗೆಲ್ಲ ಗೊತ್ತಿರುವುದೇ: ಫಾರಂ 29, 30, ಬ್ಯಾಂಕ್ ಸಾಲವಿದ್ದರೆ 35, ಆರ್‌ಟಿಒದಿಂದ ವಾಹನದ ದಾಖಲೆಯ ಪ್ರತಿಯಾದ ಬಿ ಎಕ್ಸ್‌ಟ್ರ್ಯಾಕ್ಟ್. ಒತ್ತಿ ಹೇಳಬೇಕಾದದ್ದು ಒಂದೇ: ವರ್ಗಾವಣೆಯಾದ 14 ದಿನದೊಳಗೆ ವಿಮೆಯನ್ನೂ ಹೊಸ ಮಾಲೀಕರ ಹೆಸರಿಗೆ ಮಾಡಿಸಿಕೊಳ್ಳಿ.

18 ತುಂಬದ ಮಕ್ಕಳ ಕೈಗೆ ಕೀ ಕೊಡುವವರಿಗೂ ಒಂದು ಮಾತು ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 199ಎ ಕಲಮಿನ ಪ್ರಕಾರ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗುವಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. 'ಊರೊಳಗೆ ತಾನೆ' ಎನ್ನುವುದು ಇದಕ್ಕೆ ಉತ್ತರವಲ್ಲ.

ಲೈಸೆನ್ಸ್ ಬಂದ ಮೇಲೆ ನಮ್ಮಲ್ಲಿ ಎಲ್ಲವೂ ಒಂದೇ ದಿನಕ್ಕೆ ತೆರೆದುಕೊಳ್ಳುತ್ತದೆ: ರಾತ್ರಿ, ಮಳೆ, ಘಾಟಿ, ಹಿಂದಿನ ಸೀಟಿನಲ್ಲಿ ಗೆಳೆಯರ ಗುಂಪು. ನ್ಯೂಜಿಲೆಂಡ್ 1987ರಲ್ಲೇ ಲೈಸೆನ್ಸನ್ನು ಹಂತಹಂತವಾಗಿ ಕೊಡುವ ಪದ್ಧತಿ ತಂದಿತು. ಕನ್ನಡಿಗರು ಬಹಳ ಮಂದಿ ನೆಲೆಸಿರುವ ಅಮೆರಿಕದ ನ್ಯೂಜೆರ್ಸಿಯಲ್ಲಿ 21 ತುಂಬದ ಹೊಸ ಚಾಲಕರು ನಂಬರ್ ಪ್ಲೇಟಿಗೆ ಕೆಂಪು ಗುರುತು ಹಚ್ಚಿಕೊಳ್ಳಬೇಕು. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ ಲೆಕ್ಕದಲ್ಲಿ, ಓಡಿಸಿದ ಮೈಲಿಗೆ ಹೋಲಿಸಿದರೆ 16ರಿಂದ 19ರ ವಯಸ್ಸಿನವರ ಮಾರಣಾಂತಿಕ ಅಪಘಾತಗಳು 20 ದಾಟಿದವರಿಗಿಂತ ಸುಮಾರು ಮೂರು ಪಟ್ಟು. ಹದಿಹರೆಯದವರಿಗೆ ತೀರಾ ಚಿಕ್ಕ ಕಾರೂ ಬೇಡ, ಅತಿ ಶಕ್ತಿಯ ಎಂಜಿನ್ನೂ ಬೇಡ ಎಂಬುದು ಅದೇ ಸಂಸ್ಥೆಯ ಸಲಹೆ.

ಅಂಥ ಹಂತಗಳನ್ನು ನಮ್ಮ ಕಾನೂನು ಕೊಟ್ಟಿಲ್ಲ, ಆದರೆ ಮನೆಯಲ್ಲಿ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಅಕ್ಕನ ಮನೆಯಲ್ಲಿ ನಾವು ಕೂತು ಬರೆದುಕೊಂಡೆವು: ಮೊದಲ ಆರು ತಿಂಗಳು ಕತ್ತಲಾದ ಮೇಲೆ ಒಬ್ಬಳೇ ಓಡಿಸುವಂತಿಲ್ಲ. ಜತೆಗೆ ಒಬ್ಬ ಗೆಳತಿ ಮಾತ್ರ. ಮೊಬೈಲ್ ಬ್ಯಾಗಿನೊಳಗೆ, ಬ್ಯಾಗು ಹಿಂದಿನ ಸೀಟಿನಲ್ಲಿ. ಘಾಟಿ ಇಳಿಯುವುದು ಅಪ್ಪ ಪಕ್ಕದಲ್ಲಿದ್ದಾಗ. ಕಾರಿನಲ್ಲಿ ಕೂತವರೆಲ್ಲ, ಹಿಂದಿನವರೂ ಸೇರಿ, ಬೆಲ್ಟ್ ಹಾಕಿದ ಮೇಲೆಯೇ ಗೇರ್. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಅವರಲ್ಲಿ ಅರ್ಧದಷ್ಟು ಜನ ಸ್ಟೀರಿಂಗ್ ಹಿಡಿದವರಲ್ಲ, ಜತೆಗೆ ಕೂತವರು.

ಈ ಅಂಕಿ ಓದಿ ಹೇಳಿದಾಗ ಹುಡುಗಿ ಪಟ್ಟಿಗೆ ತನ್ನದೊಂದು ಸಾಲು ಸೇರಿಸಿದಳು: ಬೆಲ್ಟಿನ ನಿಯಮ ಅಪ್ಪನ ಕಾರಿಗೂ ಅನ್ವಯಿಸಬೇಕು. ಭಾವ ಒಪ್ಪಿ ಸಹಿ ಹಾಕಿದ್ದಾರೆ.