ಹುಳ ಒಳಗೆ, ಕಣಜ ಹೊರಗೆ

ನಾಲ್ಕು ದಿನ ಊರಿಗೆ ಹೋಗಿ ಬಂದು ಮಿಕ್ಸಿ ಹಾಕಹೊರಟರೆ ಪ್ಲಗ್ಗಿನ ತೂತಿನ ತುಂಬ ಮಣ್ಣು. ದೇವರ ಪಟದ ಹಿಂದೆ, ಕಿಟಕಿಯ ಸಂದಿಯಲ್ಲಿ, ಮುಚ್ಚಿಟ್ಟ ಪುಸ್ತಕದ ಬೆನ್ನಿಗೆ ಕೂಡ ಅದೇ ಮೆತ್ತಿಗೆ. ಇದು ಕುಂಬಾರ ಹುಳದ ಕೆಲಸವೆಂದು ಮನೆಯ ಅಜ್ಜಿ ನೋಡಿದೊಡನೆ ಹೇಳುತ್ತಾರೆ. ಸೊಸೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, "ಅದನ್ನ ಕೀಳಬೇಡಿ, ಮನೇಲಿ ಯಾರೋ ಬಸುರಿ ಆಗ್ತಾರೆ" ಎಂದೂ ಸೇರಿಸುತ್ತಾರೆ. ಮಣ್ಣಿನ ಬಣ್ಣ ನೋಡಿ ಹುಟ್ಟುವುದು ಗಂಡೋ ಹೆಣ್ಣೋ ಎಂದು ತೀರ್ಮಾನಿಸುವವರೂ ಇದ್ದಾರೆ.

ಗೂಡು ಉಳಿಯಿತಲ್ಲ ಎಂದು ಇದನ್ನು ನಕ್ಕು ಬಿಡಬಹುದಿತ್ತು. ಆದರೆ ಗೂಡು ಕಟ್ಟಿಯೂ ಫಲ ಕಾಣಲಿಲ್ಲವೆಂದು ಹೆಣ್ಣುಮಗಳೊಬ್ಬಳನ್ನು ಕೊಂಕಿನಲ್ಲಿ ಚುಚ್ಚುವ ಮನೆಗಳಲ್ಲಿ ಇದು ತಮಾಷೆಯಲ್ಲ. ಕುಂಬಾರ ಹುಳ ನೋಡುವುದು ಮಳೆ ತಾಗದ ಗೋಡೆ ಮತ್ತು ಹತ್ತಿರದಲ್ಲಿ ನಲ್ಲಿಯೋ ಬಚ್ಚಲ ಕಾಲುವೆಯೋ ಇದೆಯೇ ಎಂಬುದನ್ನು ಮಾತ್ರ. ಬಾಣಂತಿಕೋಣೆ ಅದರದ್ದೇ, ಬಾಣಂತಿಯೂ ಅದೇ.

ಹೀಗೆ ಮಣ್ಣು ಮೆತ್ತುವ ಕಣಜಗಳಲ್ಲಿ ನಮ್ಮ ಮನೆಗಳಲ್ಲಿ ಮುಖ್ಯವಾಗಿ ಕಾಣುವುದು ಎರಡು ಬಗೆ. ದಾರದಷ್ಟು ಸಣ್ಣ ಸೊಂಟದ, ಹಳದಿ ಕಾಲಿನ ಕಪ್ಪು ಕಣಜ ಹಸಿಮಣ್ಣಿನ ಉಂಡೆ ತಂದು ಉದ್ದುದ್ದ ಕೊಳವೆಗಳನ್ನು ಅಂಟಿಸುತ್ತದೆ. ಇದರ ವೈಜ್ಞಾನಿಕ ಹೆಸರು ಸ್ಕೆಲಿಫ್ರಾನ್ ಮದರಾಸ್ಪಟಾನಮ್. ಮದರಾಸಿನ ಹೆಸರನ್ನೇ ಹೊತ್ತು ತಿರುಗುವ ಹುಳ! ಇದು ಕೊಳವೆಗೆ ತುಂಬುವುದು ಜೇಡಗಳನ್ನು. ಇನ್ನೊಂದು ಬಗೆ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದು ಒಣಮಣ್ಣನ್ನು ಅದರಲ್ಲೇ ಕಲಸಿ, ಪುಟ್ಟ ಕತ್ತಿನ ದುಂಡು ಕುಡಿಕೆ ಮಾಡುತ್ತದೆ. ಅದಕ್ಕೆ ಬೇಕಾದದ್ದು ಕಂಬಳಿಹುಳದ ಜಾತಿಯ, ರೋಮವಿಲ್ಲದ ಹಸಿರು ಹುಳಗಳು. ಬೇಟೆಯನ್ನು ಕುಟುಕಿ, ಸಾಯಿಸದೆ, ಲಕ್ವ ಹೊಡೆಸಿ ಒಳಗಿಟ್ಟು ಬಾಯಿ ಮುಚ್ಚಿ ಹೋಗುತ್ತದೆ. ಸತ್ತದ್ದು ಕೊಳೆಯುತ್ತದೆ, ಜೀವ ಇರುವುದು ಕೆಡುವುದಿಲ್ಲ.

ಹೊರಗೆ ನಿಂತವರಿಗೆ ಕಂಡದ್ದು ಇಷ್ಟೇ: ಹುಳ ಒಳಗೆ ಹೋಯಿತು, ಬಾಗಿಲು ಮುಚ್ಚಿತು, ಕೆಲವು ವಾರಗಳಲ್ಲಿ ಕಣಜ ಹೊರಗೆ ಬಂತು. ಇದರಿಂದ ಹುಟ್ಟಿದ್ದೇ ಭ್ರಮರ-ಕೀಟ ನ್ಯಾಯ. ಸೆರೆಯಾದ ಕೀಟ ಭಯದಿಂದ ಕಣಜವನ್ನೇ ಧ್ಯಾನಿಸಿ ಧ್ಯಾನಿಸಿ ಕಣಜವೇ ಆಗುತ್ತದಂತೆ. ಭಾಗವತದ ಹನ್ನೊಂದನೆಯ ಸ್ಕಂಧದ ಅವಧೂತನಿಗೆ ಇಪ್ಪತ್ತನಾಲ್ಕು ಗುರುಗಳಲ್ಲಿ ಈ ಕಣಜವೂ ಒಬ್ಬ ಗುರು. ನಮ್ಮ ವಚನಕಾರರಿಗೂ ಕೀಡಿ-ಕುಂಡಲಿಯ, ಅಂದರೆ ಹುಳ-ಕಣಜದ, ಹೋಲಿಕೆ ಪ್ರಿಯ. ಭಕ್ತಿಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ರೂಪಕ ಸಿಗಲಿಕ್ಕಿಲ್ಲ. ಅದನ್ನು ಕೀಟಶಾಸ್ತ್ರವೆಂದು ಇಂದಿಗೂ ಪ್ರವಚನದಲ್ಲಿ ಸಾಧಿಸುವವರ ಬಗ್ಗೆ ಮಾತ್ರ ತಕರಾರು. ಚೀನೀಯರೂ ಇದನ್ನೇ ಕಂಡು ಬೇರೆ ಕಥೆ ಕಟ್ಟಿದರು: ಮಕ್ಕಳಿಲ್ಲದ ಕಣಜ ಹಸಿರು ಹುಳವನ್ನು ದತ್ತು ತೆಗೆದುಕೊಂಡು ತನ್ನಂತೆಯೇ ಬೆಳೆಸುತ್ತದೆ ಎಂದು. ಸಾಕುಮಗನಿಗೆ ಅಲ್ಲಿ ಆ ಹುಳದ ಹೆಸರೇ ಅಂಟಿತು. ಕೊನೆಗೆ ತಾವೊ ಹೊಂಗ್‌ಜಿಂಗ್ (456–536) ಎಂಬ ಪಂಡಿತ ಎಲ್ಲರೂ ಮಾಡಬಹುದಾಗಿದ್ದ, ಯಾರೂ ಮಾಡದ ಕೆಲಸ ಮಾಡಿದ. ಗೂಡಿನೊಳಗೆ ಏನಿದೆ ಎಂದು ನೋಡಿದ. ಅಲ್ಲಿ ಕಣಜದ ಮೊಟ್ಟೆ ಇತ್ತು, ಹುಳಗಳು ಬುತ್ತಿ.

ಕುಡಿಕೆಯ ಒಳಗಿನ ನಿಜ ಈ ಎರಡು ಕಥೆಗಳಿಗಿಂತ ಸೊಗಸು. ಅದನ್ನು ತಾಳ್ಮೆಯಿಂದ ನೋಡಿ ಬರೆದವನು ಫ್ರಾನ್ಸಿನ ಜಾನ್ ಹೆನ್ರಿ ಫಾಬ್ರ್ (1823–1915). ಅವನು ನೋಡಿದ ಕುಡಿಕೆ ಕಣಜದ ಬೇಟೆಗೆ ಪೂರ್ತಿ ಲಕ್ವ ಹೊಡೆದಿರಲಿಲ್ಲ. ಹುಳಗಳು ಮಿಸುಕುತ್ತಿದ್ದವು, ಮುಟ್ಟಿದರೆ ಬಾಲ ಬೀಸುತ್ತಿದ್ದವು. ಅಂಥ ರಾಶಿಯ ನಡುವೆ ಮೊಟ್ಟೆ ಇಟ್ಟರೆ ಅಪ್ಪಚ್ಚಿ. ಹಾಗಾಗಿ ತಾಯಿ ಮೊಟ್ಟೆಯನ್ನು ಕುಡಿಕೆಯ ಚಾವಣಿಯಿಂದ ಕೂದಲೆಳೆಯಂಥ ದಾರದಲ್ಲಿ ತೂಗುಬಿಡುತ್ತದೆ. ಮರಿ ಒಡೆದು ಬಂದ ಮೇಲೂ ನೆಲಕ್ಕೆ ಇಳಿಯುವುದಿಲ್ಲ. ಮೊಟ್ಟೆಯ ಖಾಲಿ ಸಿಪ್ಪೆ ಕೊಳವೆಯಾಗಿ ಜೋತಿರುತ್ತದೆ. ಅದರಲ್ಲಿ ಬಾಲ ಸಿಕ್ಕಿಸಿಕೊಂಡು, ತಲೆಕೆಳಗಾಗಿ ನೇತಾಡುತ್ತ ಕೆಳಗಿನ ಹುಳಕ್ಕೆ ಬಾಯಿ ಹಾಕುತ್ತದೆ. ರಾಶಿ ಕದಲಿತೋ, ಸರಕ್ಕನೆ ಸಿಪ್ಪೆಯೊಳಕ್ಕೆ ಹಿಂದೆ ಸರಿಯುತ್ತದೆ. ಗದ್ದಲ ಅಡಗಿದ ಮೇಲೆ ಮತ್ತೆ ಊಟ. ತಿಂದು ಬಲಿತು, ಹುಳಗಳೂ ನಿಶ್ಶಕ್ತವಾದ ಮೇಲಷ್ಟೇ ಕೆಳಗೆ ಬೀಳುವ ಧೈರ್ಯ. ಇಷ್ಟೆಲ್ಲ ನಡೆಯುವಾಗ ತಾಯಿ ಅಲ್ಲಿರುವುದಿಲ್ಲ.

ಗಂಡು ಹೆಣ್ಣಿನ ತೀರ್ಮಾನವೂ ಈ ಗೂಡಿನಲ್ಲಿ ನಡೆಯುವುದು ನಿಜ, ಆದರೆ ಕಣಜದ್ದು. ತಾಯಿ ಗಂಡಿನ ವೀರ್ಯವನ್ನು ಒಡಲೊಳಗಿನ ಪುಟ್ಟ ಚೀಲದಲ್ಲಿ ಕಾದಿಟ್ಟಿರುತ್ತದೆ. ಮೊಟ್ಟೆಗೆ ಅದನ್ನು ಸೇರಿಸಿದರೆ ಹೆಣ್ಣು, ಸೇರಿಸದಿದ್ದರೆ ಗಂಡು. ಫಾಬ್ರ್ ಕೆಲವು ಕುಡಿಕೆಗಳಲ್ಲಿ ಐದು ಹುಳ, ಕೆಲವದರಲ್ಲಿ ಹತ್ತು ಹುಳ ಎಣಿಸಿದ್ದ. ಹೆಣ್ಣಿನ ದೇಹ ದೊಡ್ಡದು, ಹಸಿವೂ ದೊಡ್ಡದು. ಹತ್ತು ಅದರ ಪಾಲೆಂದು ಅವನ ಲೆಕ್ಕ. ಹೆಣ್ಣುಮಗುವಿಗೆ ಎರಡು ಪಾಲು ಬಡಿಸುವ ಅಡಿಗೆಮನೆ ಎಷ್ಟು ಊರುಗಳಲ್ಲಿ ಸಿಕ್ಕೀತು?

ಕುಟುಕೀತೆಂಬ ಭಯಕ್ಕೆ ಕುಂಬಾರ ಹುಳದ ಮೇಲೆ ಸೀಮೆಎಣ್ಣೆ ಚಿಮುಕಿಸುವುದು ದಂಡ. ಹಿಂಡಾಗಿ ಗೂಡು ಕಾಯುವ ಕಡಜದ ಸ್ವಭಾವ ಇದಕ್ಕಿಲ್ಲ. ಒಂಟಿ ಜೀವ, ಹಿಡಿದು ಹಿಸುಕದಿದ್ದರೆ ತನ್ನ ಪಾಡಿಗೆ ತಾನಿರುತ್ತದೆ. ಪ್ಲಗ್ಗಿನ ತೂತಿನದನ್ನು ಮೇನ್ ಸ್ವಿಚ್ ಆರಿಸಿ ಕೆರೆಯಲೇಬೇಕು. ಗೋಡೆಯ ಮೇಲಿನದನ್ನು ದಿನಕ್ಕೊಮ್ಮೆ ನೋಡುತ್ತಿದ್ದರೆ ಒಂದು ಬೆಳಿಗ್ಗೆ ದುಂಡು ತೂತು ಕಾಣುತ್ತದೆ, ಮರಿ ಹಾರಿತೆಂದು ಅರ್ಥ. ಕೆಲವೊಮ್ಮೆ ಆ ತೂತಿನಿಂದ ಹೊರಡುವುದು ಕಪ್ಪು-ಹಳದಿ ಕಣಜವೇ ಅಲ್ಲ, ನೀಲಿ ಹಸಿರಾಗಿ ಥಳಥಳ ಹೊಳೆಯುವ ಬೇರೊಂದು ಕೀಟ. ಕೋಗಿಲೆ ಕಾಗೆಗೆ ಮಾಡುವ ಮೋಸವನ್ನೇ ಕುಂಬಾರ ಹುಳಕ್ಕೆ ಮಾಡುವ ಕಣಜವದು. ಅದರ ಮೊಟ್ಟೆ ಗೂಡಿಗೆ ಸೇರಿದರೆ, ಒಳಗಿನ ಕುಂಬಾರನ ಮರಿಯೇ ಅದರ ಮರಿಗೆ ಆಹಾರ.